ಜಾಂಗೊ ಎಪಿಐಯಲ್ಲಿ ಸಂಬಂಧವಿರುವ ಮಾಡೆಲ್‌ಗಳನ್ನು ಕ್ವೆರಿ ಮಾಡುವ ಕ್ರಮ: ಅಡಿಕೆ ಮಂಡಿಯ ಲೆಕ್ಕ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ನನ್ನ ಹತ್ತಿರ ಕೆಲಸ ಕಲಿಯಲು ಬರುವವರು ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಮಾಡೆಲ್ (ಡೇಟಾಬೇಸಿನ ಒಂದು ಟೇಬಲ್ಲಿನ ವಿವರಣೆ) ಬರೆಯುತ್ತಾರೆ, ಸೀರಿಯಲೈಸರ್ (ಡೇಟಾವನ್ನು ಹೊರಗೆ ಕಳಿಸುವ ರೂಪಕ್ಕೆ ತರುವ ಕೋಡ್) ಬರೆಯುತ್ತಾರೆ, ಲ್ಯಾಪ್‌ಟಾಪಿನಲ್ಲಿ ಐದು ಸಾಲು ಡೇಟಾ ಹಾಕಿ ನೋಡುತ್ತಾರೆ. ಚೆನ್ನಾಗಿ ಓಡುತ್ತದೆ. ಆಮೇಲೆ ಕೊಯ್ಲು ಮುಗಿದು ಮಂಡಿಗೆ ಮಾಲು ಬರಲು ಶುರುವಾಗುತ್ತದೆ. ಹೊಸನಗರದ ಕಡೆ ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವರ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. "ಅಲ್ಲಿ ನೆಟ್‌ವರ್ಕ್ ಸರಿ ಇಲ್ಲ ಸರ್" ಅನ್ನುತ್ತಾರೆ ಹುಡುಗರು. ನೆಟ್‌ವರ್ಕ್ ಸರಿ ಇಲ್ಲ, ನಿಜ. ಆದರೆ ಲಾಗ್ ತೆಗೆದು ನೋಡಿದರೆ ಒಂದು ಪುಟಕ್ಕೆ 702 ಕ್ವೆರಿ, ಅಂದರೆ ಡೇಟಾಬೇಸಿಗೆ 702 ಪ್ರಶ್ನೆ, ಓಡಿರುತ್ತದೆ.

ನಿಧಾನವಾದರೆ ಜನ ಬೈದು ಸುಮ್ಮನಾಗುತ್ತಾರೆ. ಲೆಕ್ಕ ತಪ್ಪಿದರೆ ಹಾಗಲ್ಲ. ಸಂಬಂಧವಿರುವ ಟೇಬಲ್‌ಗಳಲ್ಲಿ ಎರಡೂ ಆಗುತ್ತವೆ, ಎರಡನೆಯದು ಯಾವ ಎರರ್ ಕೂಡ ಕೊಡದೆ ಆಗುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಜನ ನಾಲ್ಕನೇ ಹಂತದಿಂದ ಶುರು ಮಾಡುತ್ತಾರೆ. ಸಿಕ್ಕಿಬೀಳುವುದು ಅಲ್ಲೇ.

ಕೋಡಿನ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಜಾಂಗೊ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ.

## ಶುರು ಮಾಡುವ ಮೊದಲು ಬೇಕಾದದ್ದು

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೊ, ಅದರ ಮೇಲೆ ಆ್ಯಪಿಗೆ ಡೇಟಾ ಕೊಡುವ ಎಪಿಐ ಕಟ್ಟಲು ಜಾಂಗೊ ರೆಸ್ಟ್ ಫ್ರೇಮ್‌ವರ್ಕ್, ಕ್ವೆರಿ ಎಣಿಸಲು ಜಾಂಗೊ ಡೀಬಗ್ ಟೂಲ್‌ಬಾರ್. ಒಂದು ಹಾಳೆ, ಒಂದು ಪೆನ್ನು. ಹಾಳೆ ತಮಾಷೆಗೆ ಹೇಳಿದ್ದಲ್ಲ.

ಇನ್ನೊಂದು ಬೇಕು: ಸಾಕಷ್ಟು ಸುಳ್ಳು ಡೇಟಾ. ಕನಿಷ್ಠ 100 ಲಾಟ್, ಪ್ರತಿ ಲಾಟಿಗೆ ಎರಡು ಮೂರು ಬಿಡ್, ಕೆಲವಕ್ಕೆ ಎರಡು ಪಾವತಿ, ಕೆಲವಕ್ಕೆ ಒಂದೂ ಇಲ್ಲ. ಲಾಟಿಗೆ ಒಂದೇ ಬಿಡ್, ಒಂದೇ ಪಾವತಿ ಇರುವ ಡೇಟಾದಲ್ಲಿ ಮುಂದೆ ಹೇಳುವ ಲೆಕ್ಕದ ತಪ್ಪುಗಳು ಕಾಣುವುದಿಲ್ಲ.

## ಹಂತ 1: ಬಾಣ ಯಾವ ಕಡೆಗಿದೆ ಎಂದು ಬರೆದುಕೊಳ್ಳಿ

ನಮ್ಮ ಉದಾಹರಣೆ ಹೀಗಿದೆ. ರೈತ ಒಂದು ಊರಿನವನು. ಅವನು ಮಂಡಿಗೆ ತಂದ ಚೀಲಗಳು ಒಂದು ಲಾಟ್. ಲಾಟಿಗೆ ಒಂದು ಬಗೆ ಇದೆ: ರಾಶಿ, ಬೆಟ್ಟೆ, ಗೊರಬಲು, ಸರಕು. ಲಾಟಿನ ಮೇಲೆ ವ್ಯಾಪಾರಿಗಳು ಬಿಡ್ ಹಾಕುತ್ತಾರೆ. ಮಾರಾಟವಾದ ಮೇಲೆ ರೈತನಿಗೆ ಪಾವತಿ ಆಗುತ್ತದೆ, ಕೆಲವೊಮ್ಮೆ ಎರಡು ಕಂತಿನಲ್ಲಿ.

ಹಾಳೆಯ ಮೇಲೆ ಪೆಟ್ಟಿಗೆ ಬರೆದು, ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂ) ಯಾವ ಟೇಬಲ್ಲಿನಲ್ಲಿ ಕೂತಿದೆಯೋ ಅಲ್ಲಿಂದ ಬಾಣ ಎಳೆಯಿರಿ. ಲಾಟಿನಿಂದ ರೈತನಿಗೆ, ಲಾಟಿನಿಂದ ಬಗೆಗೆ, ರೈತನಿಂದ ಊರಿಗೆ. ಬಿಡ್‌ನಿಂದ ಲಾಟಿಗೆ, ಬಿಡ್‌ನಿಂದ ವ್ಯಾಪಾರಿಗೆ, ಪಾವತಿಯಿಂದ ಲಾಟಿಗೆ.

ಬಾಣದ ದಿಕ್ಕಿನಲ್ಲಿ ಹೋದರೆ ಸಿಗುವುದು ಒಂದೇ ಒಂದು. ಒಂದು ಲಾಟಿಗೆ ಒಬ್ಬನೇ ರೈತ. ಬಾಣಕ್ಕೆ ಎದುರಾಗಿ ಹೋದರೆ ಸಿಗುವುದು ಹಲವು. ಒಂದು ಲಾಟಿಗೆ ಎಷ್ಟೋ ಬಿಡ್. ಮುಂದೆ ಬರುವ ಎಲ್ಲ ನಿರ್ಧಾರವೂ ಈ ಒಂದು ಮಾತಿನ ಮೇಲೆ ನಿಂತಿದೆ: ಸಿಗುವುದು ಒಂದೋ, ಹಲವೋ?

ಇಲ್ಲೇ ಹೆಸರಿನ ಗೊಂದಲವನ್ನೂ ಮುಗಿಸಿಬಿಡಿ. ಫಾರಿನ್ ಕೀಗೆ ನೀವು ರಿಲೇಟೆಡ್_ನೇಮ್ ಕೊಡದಿದ್ದರೆ, ಲಾಟಿನಿಂದ ಬಿಡ್‌ಗಳನ್ನು ಹಿಡಿಯುವ ಹೆಸರು 'ಬಿಡ್_ಸೆಟ್' ಆಗುತ್ತದೆ. ಆದರೆ ಫಿಲ್ಟರಿನ ಒಳಗೆ ಅದೇ ಸಂಬಂಧದ ಹೆಸರು ಬರೀ 'ಬಿಡ್'. ಫಿಲ್ಟರಿನಲ್ಲಿ 'ಬಿಡ್_ಸೆಟ್' ಎಂದು ಬರೆದು ಫೀಲ್ಡ್ ಎರರ್ ತಿನ್ನದವರು ಕಡಿಮೆ. ರಿಲೇಟೆಡ್_ನೇಮ್='ಬಿಡ್ಸ್' ಎಂದು ಕೊಟ್ಟರೆ ಎರಡೂ ಕಡೆ ಅದೇ ಹೆಸರು. ನಾನು ಯಾವಾಗಲೂ ಕೊಡುತ್ತೇನೆ.

## ಹಂತ 2: ಕ್ವೆರಿಗಿಂತ ಮೊದಲು ಉತ್ತರ ಬರೆಯಿರಿ

ಎಪಿಐ ಏನು ವಾಪಸ್ ಕೊಡಬೇಕು? ಒಂದು ಲಾಟಿನ ಜೇಸನ್ (ಎಪಿಐ ಕಳಿಸುವ ಉತ್ತರದ ಪಠ್ಯರೂಪ) ಅನ್ನು ಕೈಯಲ್ಲೇ ಬರೆಯಿರಿ. ಲಾಟ್ ನಂಬರ್, ತೂಕ, ರೈತನ ಹೆಸರು, ಅವನ ಊರು, ಬಗೆ, ಬಿಡ್‌ಗಳ ಪಟ್ಟಿ, ಪ್ರತಿ ಬಿಡ್‌ನಲ್ಲಿ ವ್ಯಾಪಾರಿಯ ಹೆಸರು, ಇದುವರೆಗೆ ಪಾವತಿಯಾದ ಮೊತ್ತ.

ಈಗ ಪ್ರತಿ ಸಾಲಿನ ಪಕ್ಕ ಗುರುತು ಹಾಕಿ. ರೈತ, ಊರು, ಬಗೆ: ಒಂದು. ಬಿಡ್‌ಗಳು: ಹಲವು. ವ್ಯಾಪಾರಿ: ಹಲವರ ಒಳಗೆ ಒಂದು. ಪಾವತಿ ಮೊತ್ತ: ಹಲವನ್ನು ಕೂಡಿಸಿದ್ದು. ನಾಲ್ಕು ಬಗೆಯ ಗುರುತು, ನಾಲ್ಕು ಬಗೆಯ ಉಪಾಯ. ಹಾಳೆಯಲ್ಲಿ ಇಲ್ಲದ್ದನ್ನು ತರಬೇಡಿ. ರೈತನ ಬ್ಯಾಂಕ್ ಖಾತೆ ಆ ಪುಟದಲ್ಲಿ ಯಾರಿಗೂ ಬೇಕಾಗಿರುವುದಿಲ್ಲ.

## ಹಂತ 3: ರಿಪೇರಿಗೆ ಮೊದಲು ಎಣಿಸಿ

ಸುಮ್ನೆ ಲಾಟ್.ಆಬ್ಜೆಕ್ಟ್ಸ್.ಆಲ್() ಎಂದು ಬರೆದು, ಪುಟಕ್ಕೆ 100 ಲಾಟಿನ ಪೇಜಿನೇಶನ್ ಹಾಕಿ, ಓಡಿಸಿ. ಲಾಟಿಗೆ ಮೂರು ಬಿಡ್ ಅಂದುಕೊಳ್ಳೋಣ, ಪಾವತಿಯನ್ನು ಸದ್ಯಕ್ಕೆ ಬಿಡೋಣ. ಒಟ್ಟು ಎಷ್ಟು ಲಾಟ್ ಎಂದು ಎಣಿಸಲು 1. ಲಾಟ್‌ಗಳನ್ನು ತರಲು 1. ಪ್ರತಿ ಲಾಟಿನ ರೈತನಿಗೆ 100, ಊರಿಗೆ 100, ಬಗೆಗೆ 100, ಬಿಡ್ ಪಟ್ಟಿಗೆ 100. ಪ್ರತಿ ಬಿಡ್‌ನ ವ್ಯಾಪಾರಿಗೆ 300. ಒಟ್ಟು 702. ಒಂದು ಕ್ವೆರಿ ಹೋಗಿ ಬರಲು 2 ಮಿಲಿಸೆಕೆಂಡ್ ಅಂದರೂ ಕಾಯುವುದಕ್ಕೇ 1.4 ಸೆಕೆಂಡ್ ಹೋಯಿತು.

ಗಾಂಧಿ ಬಜಾರಿಗೆ ಒಂದು ಚೀಟಿ ಬರೆದು ಕಳಿಸುವ ಬದಲು, ಉಪ್ಪಿಗೆ ಒಮ್ಮೆ, ಬೆಲ್ಲಕ್ಕೆ ಒಮ್ಮೆ ಹುಡುಗನನ್ನು ಓಡಿಸಿದ ಹಾಗೆ ಇದು.

"ಬಗೆ ಇರುವುದೇ ನಾಲ್ಕು, 100 ಕ್ವೆರಿ ಯಾಕೆ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಜಾಂಗೊ ತಂದ ವಸ್ತುವನ್ನು ಆಯಾ ಲಾಟಿನ ಆಬ್ಜೆಕ್ಟಿನಲ್ಲಿ ಮಾತ್ರ ನೆನಪಿಡುತ್ತದೆ. ಪಕ್ಕದ ಲಾಟಿಗೆ ಅದು ಗೊತ್ತಿರುವುದಿಲ್ಲ. ಅದೇ 'ರಾಶಿ'ಯನ್ನು ಮತ್ತೆ ಮತ್ತೆ ಕೇಳುತ್ತದೆ.

ಎಣಿಸುವಾಗ ಎರಡು ಎಚ್ಚರ. ಡೀಬಗ್ ಟೂಲ್‌ಬಾರ್ ಎಚ್‌ಟಿಎಂಎಲ್ ಪುಟದಲ್ಲಿ ಮಾತ್ರ ಕಾಣುತ್ತದೆ, ಹಾಗಾಗಿ ಬ್ರೌಸರಿನಲ್ಲಿ ತೆರೆಯುವ ಎಪಿಐ ಪುಟದಲ್ಲಿ ನೋಡಬೇಕು. ಆದರೆ ಆ ಪುಟದ ಕೆಳಗಿನ ಫಾರಂ ತನ್ನ ಡ್ರಾಪ್‌ಡೌನ್ ತುಂಬಿಸಲು ತಾನೂ ಕ್ವೆರಿ ಓಡಿಸುತ್ತದೆ. ಆ ಲೆಕ್ಕವನ್ನು ಬೇರೆ ಇಡಿ. ಕನೆಕ್ಷನ್.ಕ್ವೆರೀಸ್ ನೋಡುವುದಾದರೆ ಡೀಬಗ್ ಆನ್ ಇರಬೇಕು, ಇಲ್ಲದಿದ್ದರೆ ಪಟ್ಟಿ ಖಾಲಿ ಬರುತ್ತದೆ. ಖಾಲಿ ನೋಡಿ "ಕ್ವೆರಿಯೇ ಇಲ್ಲ" ಎಂದು ಖುಷಿಪಟ್ಟವರೂ ಇದ್ದಾರೆ.

## ಹಂತ 4: 'ಒಂದು' ಇರುವ ಕಡೆ ಸೆಲೆಕ್ಟ್ ರಿಲೇಟೆಡ್

ಲಾಟ್.ಆಬ್ಜೆಕ್ಟ್ಸ್.ಸೆಲೆಕ್ಟ್_ರಿಲೇಟೆಡ್('ರೈತ__ಊರು', 'ಬಗೆ')

ಇದು ಎಸ್‌ಕ್ಯೂಎಲ್ ಜಾಯಿನ್ ಹಾಕಿ, ಅಂದರೆ ಟೇಬಲ್‌ಗಳನ್ನು ಡೇಟಾಬೇಸಿನಲ್ಲೇ ಜೋಡಿಸಿ, ಎಲ್ಲವನ್ನೂ ಒಂದೇ ಕ್ವೆರಿಯಲ್ಲಿ ತರುತ್ತದೆ. ಎರಡು ಅಂಡರ್‌ಸ್ಕೋರ್ ಹಾಕಿದರೆ ಮುಂದಿನ ಬಾಣ ಹಿಡಿದಂತೆ. 'ರೈತ__ಊರು' ಅಂದರೆ ದಾರಿಯಲ್ಲಿ ರೈತನೂ ಬಂದ, ಬೇರೆ ಬರೆಯಬೇಕಿಲ್ಲ. 300 ಕ್ವೆರಿ ಇಲ್ಲೇ ಹೋದವು.

ಇದು ಫಾರಿನ್ ಕೀ ಮತ್ತು ಒನ್ ಟು ಒನ್‌ಗೆ ಮಾತ್ರ. 'ಬಿಡ್ಸ್' ಎಂದು ಬರೆದರೆ ಜಾಂಗೊ ಎರರ್ ಕೊಡುತ್ತದೆ. ಖಾಲಿ ಬ್ರ್ಯಾಕೆಟ್ ಇಟ್ಟು ಸೆಲೆಕ್ಟ್_ರಿಲೇಟೆಡ್() ಎಂದೂ ಬರೆಯಬೇಡಿ. ನಲ್ (ಖಾಲಿ) ಆಗಲು ಬಿಟ್ಟ ಕೀಗಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಎಳೆದುಕೊಂಡು ಬರುತ್ತದೆ. ಏನು ಬಂತು, ಏನು ಬರಲಿಲ್ಲ ಎಂದು ಆಮೇಲೆ ಹುಡುಕುತ್ತಾ ಕೂರಬೇಕು.

ಕಾಲಂ ಕಡಿಮೆ ಮಾಡಲು ಓನ್ಲಿ() ಹಾಕುವ ಆಸೆ ಇಲ್ಲೇ ಹುಟ್ಟುತ್ತದೆ. ಸದ್ಯಕ್ಕೆ ಬೇಡ. ಓನ್ಲಿಯಲ್ಲಿ ಬಿಟ್ಟುಹೋದ ಫೀಲ್ಡನ್ನು ಸೀರಿಯಲೈಸರ್ ಮುಟ್ಟಿದರೆ ಮತ್ತೆ ಸಾಲಿಗೊಂದು ಕ್ವೆರಿ. ಹೋದ ಮಾರಿಯನ್ನು ಕರೆದು ಕೂರಿಸಿದ ಹಾಗೆ.

## ಹಂತ 5: 'ಹಲವು' ಇರುವ ಕಡೆ ಪ್ರಿಫೆಚ್ ರಿಲೇಟೆಡ್

ಪ್ರಿಫೆಚ್_ರಿಲೇಟೆಡ್ ಜಾಯಿನ್ ಹಾಕುವುದಿಲ್ಲ. ಮೊದಲು ಲಾಟ್‌ಗಳನ್ನು ತರುತ್ತದೆ. ಆಮೇಲೆ ಆ 100 ಲಾಟಿನ ನಂಬರ್ ಪಟ್ಟಿ ಕೊಟ್ಟು ಎಲ್ಲ ಬಿಡ್‌ಗಳನ್ನು ಒಂದೇ ಕ್ವೆರಿಯಲ್ಲಿ ತಂದು, ಪೈಥಾನಿನಲ್ಲಿ ಆಯಾ ಲಾಟಿಗೆ ಹಂಚುತ್ತದೆ.

ಬರೀ 'ಬಿಡ್ಸ್' ಎಂದು ಕೊಟ್ಟರೆ ವ್ಯಾಪಾರಿಯ 300 ಕ್ವೆರಿ ಉಳಿದೇಬಿಡುತ್ತವೆ. ಅದಕ್ಕೆ ಪ್ರಿಫೆಚ್ ಆಬ್ಜೆಕ್ಟ್ ಬಳಸಿ:

ಪ್ರಿಫೆಚ್('ಬಿಡ್ಸ್', ಕ್ವೆರಿಸೆಟ್=ಬಿಡ್.ಆಬ್ಜೆಕ್ಟ್ಸ್.ಸೆಲೆಕ್ಟ್_ರಿಲೇಟೆಡ್('ವ್ಯಾಪಾರಿ').ಆರ್ಡರ್_ಬೈ('-ದರ'))

ಹಲವರ ಒಳಗಿನ ಒಂದಕ್ಕೆ ಒಳಗೇ ಜಾಯಿನ್. ದರದ ಕ್ರಮವೂ ಇಲ್ಲೇ ಆಯಿತು. ಈಗ ಎಣಿಸಿ: ಒಟ್ಟು ಎಣಿಸಲು 1, ಲಾಟಿಗೆ 1, ಬಿಡ್‌ಗೆ 1. ಮೂರೇ.

ಈಗ ನಾನು ಅತಿ ಹೆಚ್ಚು ಸಲ ತಿದ್ದಿರುವ ತಪ್ಪು. ಪ್ರಿಫೆಚ್ ಮಾಡಿ ತಂದಿಟ್ಟು, ಸೀರಿಯಲೈಸರಿನ ಮೆಥಡ್ ಫೀಲ್ಡಿನಲ್ಲಿ ಲಾಟ್.ಬಿಡ್ಸ್.ಫಿಲ್ಟರ್(...) ಎಂದೋ ಲಾಟ್.ಬಿಡ್ಸ್.ಆರ್ಡರ್_ಬೈ(...) ಎಂದೋ ಬರೆಯುವುದು. ತಂದಿಟ್ಟದ್ದು ಮೂಲೆಗೆ ಬಿತ್ತು, ಹೊಸ ಕ್ವೆರಿ ಹೋಯಿತು. ಈಗ ಪ್ರಿಫೆಚ್ ಇಲ್ಲದೆ ಓಡುತ್ತಿದ್ದುದಕ್ಕಿಂತ ಒಂದು ಕ್ವೆರಿ ಜಾಸ್ತಿಯೇ! ತಂದಿಟ್ಟದ್ದನ್ನು ಬಳಸಲು ಲಾಟ್.ಬಿಡ್ಸ್.ಆಲ್() ಮಾತ್ರ ಬರೆಯಿರಿ, ಸೋಸುವುದನ್ನು ಪೈಥಾನಿನಲ್ಲಿ ಮಾಡಿ. ಮೇಲಿನ ಬಿಡ್ ಬೇಕಿದ್ದರೆ ಪಟ್ಟಿಯ ಮೊದಲನೆಯದು ತೆಗೆಯಿರಿ. ಪಟ್ಟಿ ಖಾಲಿಯಿದ್ದರೆ ಎಂಬುದನ್ನು ಮರೆಯಬೇಡಿ.

ಬಿಡ್‌ಗಳ ಒಂದು ಭಾಗ ಮಾತ್ರ ಬೇಕಾದರೆ ಪ್ರಿಫೆಚ್ ಒಳಗೇ ಫಿಲ್ಟರ್ ಹಾಕಿ, ಟು_ಆಟ್ರ್='ನನ್ನ_ಬಿಡ್ಸ್' ಎಂದು ಬೇರೆ ಹೆಸರು ಕೊಡಿ. 'ಬಿಡ್ಸ್' ಹೆಸರಿನಲ್ಲೇ ಅರ್ಧ ಪಟ್ಟಿ ಇಟ್ಟರೆ, ಆರು ತಿಂಗಳಾದ ಮೇಲೆ ಇನ್ಯಾರೋ ಅದನ್ನೇ ಪೂರ್ತಿ ಪಟ್ಟಿ ಎಂದು ನಂಬುತ್ತಾರೆ. ಆ ಇನ್ಯಾರೋ ನೀವೇ ಆಗಿರಬಹುದು.

## ಹಂತ 6: ಬಾಣಕ್ಕೆ ಎದುರಾಗಿ ಫಿಲ್ಟರ್ ಮಾಡುವಾಗ

ಬಾಣದ ದಿಕ್ಕಿನಲ್ಲಿ ಫಿಲ್ಟರ್ ಸಲೀಸು. ರೈತ__ಊರು__ತಾಲ್ಲೂಕು='ತೀರ್ಥಹಳ್ಳಿ' ಎಂದರೆ ಆಯಿತು. ಎದುರಾಗಿ ಹೋದಾಗ ಮೂರು ಹೊಂಡಗಳಿವೆ.

ಮೊದಲನೆಯದು, ಒಂದೇ ಲಾಟ್ ಹಲವು ಸಲ ಬರುವುದು. ಬಿಡ್ಸ್__ದರ__ಜಿಟಿಇ=50000 (ದರ 50,000 ಅಥವಾ ಹೆಚ್ಚು) ಎಂದು ಫಿಲ್ಟರ್ ಹಾಕಿದರೆ, ಅಂಥ ಮೂರು ಬಿಡ್ ಇರುವ ಲಾಟ್ ಮೂರು ಸಲ ಬರುತ್ತದೆ. ಡಿಸ್ಟಿಂಕ್ಟ್() ಹಾಕಿದರೆ ಹೋಗುತ್ತದೆ. ನನಗೆ ಎಕ್ಸಿಸ್ಟ್ಸ್ ಸಬ್‌ಕ್ವೆರಿ (ಕ್ವೆರಿಯ ಒಳಗಿನ ಕ್ವೆರಿ) ಇಷ್ಟ. "ಇಂಥ ಬಿಡ್ ಇದೆಯೋ ಇಲ್ಲವೋ" ಎಂದಷ್ಟೇ ಕೇಳುವುದರಿಂದ ನಕಲು ಹುಟ್ಟುವುದೇ ಇಲ್ಲ.

ಎರಡನೆಯದು ಸೂಕ್ಷ್ಮ. 7ನೇ ನಂಬರಿನ ವ್ಯಾಪಾರಿ 50,000 ರೂಪಾಯಿಗೆ ಕಡಿಮೆಯಿಲ್ಲದ ಬಿಡ್ ಹಾಕಿದ ಲಾಟ್‌ಗಳು ಬೇಕು. ಎರಡು ಷರತ್ತನ್ನೂ ಒಂದೇ ಫಿಲ್ಟರಿನಲ್ಲಿ ಬರೆದರೆ ಒಂದೇ ಬಿಡ್ ಎರಡನ್ನೂ ದಾಟಬೇಕು. ಫಿಲ್ಟರ್().ಫಿಲ್ಟರ್() ಎಂದು ಸರಪಳಿ ಮಾಡಿದರೆ ಅರ್ಥವೇ ಬೇರೆ: 7ನೇ ವ್ಯಾಪಾರಿ ಎಷ್ಟಕ್ಕೋ ಹಾಕಿದ್ದಾನೆ, 50,000ದ ಬಿಡ್ ಯಾರದೋ ಇದೆ, ಅದೂ ಬಂತು. ಜಾಂಗೊ ಫಿಲ್ಟರ್ ಪ್ಯಾಕೇಜ್ ಬಳಸುವವರು ಗಮನಿಸಿ. ಅದು ಯುಆರ್‌ಎಲ್‌ನ ಪ್ರತಿ ಷರತ್ತನ್ನೂ ಒಂದರ ಹಿಂದೆ ಒಂದು ಫಿಲ್ಟರ್ ಆಗಿ ಸರಪಳಿ ಮಾಡುತ್ತದೆ. ನೀವು ಒಂದು ಸಾಲು ತಪ್ಪು ಬರೆಯದಿದ್ದರೂ ಈ ಹೊಂಡಕ್ಕೆ ಬಿದ್ದಿರುತ್ತೀರಿ. ಜೊತೆಯಾಗಿ ಬರಬೇಕಾದ ಎರಡು ಷರತ್ತಿಗೆ ಕೈಯಿಂದಲೇ ಒಂದು ಮೆಥಡ್ ಬರೆಯಿರಿ.

ಮೂರನೆಯದು ಎಕ್ಸ್‌ಕ್ಲೂಡ್. ಇಲ್ಲಿ ಎರಡು ಷರತ್ತನ್ನು ಒಂದೇ ಬ್ರ್ಯಾಕೆಟ್ಟಿನಲ್ಲಿ ಹಾಕಿದರೂ ಅವು ಒಂದೇ ಬಿಡ್‌ಗೆ ಅನ್ವಯಿಸುತ್ತವೆ ಎಂಬ ಭರವಸೆ ಇಲ್ಲ. ಫಿಲ್ಟರಿನಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ. ಎಕ್ಸಿಸ್ಟ್ಸ್ ಬರೆದು ಅದರ ಮುಂದೆ ಅಲ್ಲ ಎಂಬ ಟಿಲ್ಡೆ (~) ಗುರುತು ಹಾಕಿ.

## ಹಂತ 7: ಮೊತ್ತ ಮಾಡುವಾಗ ಕೈ ನಿಲ್ಲಿಸಿ

ನನ್ನ ಕೆಲಸದ ಅತಿ ಕೆಟ್ಟ ಸಂಜೆ ಇದರಿಂದ ಬಂದದ್ದು. ಒಬ್ಬ ರೈತರಿಗೆ 1 ಲಕ್ಷ ರೂಪಾಯಿ ಸಂದಿತ್ತು, ಆ್ಯಪ್ 3 ಲಕ್ಷ ಸಂದಿದೆ ಎಂದು ತೋರಿಸಿತು. "ತಮ್ಮಾ, ಉಳಿದ ಎರಡು ಲಕ್ಷ ಎಲ್ಲಿ?" ಎಂದು ಅವರು ಶಾಂತವಾಗಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕೋಡ್ ನಾನೇ ಬರೆದದ್ದು.

ಆದದ್ದು ಇಷ್ಟೆ. ಪ್ರತಿ ಲಾಟಿಗೂ ಲೆಕ್ಕದ ಕಾಲಂ ಸೇರಿಸುವ ಆನೋಟೇಟ್‌ನಲ್ಲಿ ಬಿಡ್‌ಗಳ ಕೌಂಟ್ ಮತ್ತು ಪಾವತಿಯ ಸಮ್ ಎರಡನ್ನೂ ಒಟ್ಟಿಗೆ ಕೇಳಿದ್ದೆ. ಆ ಲಾಟಿಗೆ 3 ಬಿಡ್, 2 ಪಾವತಿ: 40,000 ಮತ್ತು 60,000. ಜಾಂಗೊ ಎರಡು ಟೇಬಲ್ಲನ್ನೂ ಲಾಟಿಗೆ ಜಾಯಿನ್ ಮಾಡಿತು. ಪ್ರತಿ ಬಿಡ್ ಎದುರು ಪ್ರತಿ ಪಾವತಿ ನಿಂತು 6 ಸಾಲು ಆಯಿತು. ಬಿಡ್ ಕೌಂಟ್ 3ರ ಬದಲು 6. ಪಾವತಿ ಮೂರು ಪಟ್ಟು. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಕೌಂಟಿಗೆ ಡಿಸ್ಟಿಂಕ್ಟ್=ಟ್ರೂ ಕೊಟ್ಟರೆ ಸರಿಯಾಗುತ್ತದೆ. ಅದನ್ನು ನೋಡಿ ಸಮ್‌ಗೂ ಡಿಸ್ಟಿಂಕ್ಟ್ ಕೊಡಬೇಡಿ. ಅದು ಒಂದೇ ಬೆಲೆಯನ್ನು ಒಂದೇ ಸಲ ಕೂಡುತ್ತದೆ. 50,000ದ ಎರಡು ಕಂತು ಇದ್ದರೆ ಮೊತ್ತ 50,000 ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಕಂತುಗಳು ಬೇರೆ ಬೇರೆ, ಹಾಗಾಗಿ ಸರಿ ಹೋದಂತೆ ಕಾಣುತ್ತದೆ. ಇದು ಇನ್ನೂ ಅಪಾಯ.

ಸರಿಯಾದ ದಾರಿ ಸಬ್‌ಕ್ವೆರಿ. ನಾಲ್ಕು ತುಂಡಾಗಿ ಬರೆಯಿರಿ. ಪಾವತಿಯನ್ನು ಲಾಟ್=ಔಟರ್‌ರೆಫ್('ಪಿಕೆ') ಎಂದು ಫಿಲ್ಟರ್ ಮಾಡಿ. ಆಮೇಲೆ ವ್ಯಾಲ್ಯೂಸ್('ಲಾಟ್') ಹಾಕಿ, ಇದು ಗುಂಪು ಮಾಡುತ್ತದೆ. ಆಮೇಲೆ ಆನೋಟೇಟ್(ಒಟ್ಟು=ಸಮ್('ಮೊತ್ತ')). ಕೊನೆಗೆ ವ್ಯಾಲ್ಯೂಸ್('ಒಟ್ಟು'), ಒಂದೇ ಕಾಲಂ ಉಳಿಯಲು. ಇದನ್ನು ಸಬ್‌ಕ್ವೆರಿ() ಒಳಗಿಟ್ಟು ಲಾಟಿನ ಆನೋಟೇಟ್‌ಗೆ ಕೊಡಿ.

ಆನೋಟೇಟ್ ಬದಲು ಅಗ್ರಿಗೇಟ್ ಬರೆದರೆ ಅದು ಅಲ್ಲೇ ತಕ್ಷಣ ಓಡಲು ಹೋಗುತ್ತದೆ, ಹೊರಗಿನ ಲಾಟ್ ಯಾವುದೆಂದು ಗೊತ್ತಿಲ್ಲದೆ ಎರರ್ ಬರುತ್ತದೆ. ಪಾವತಿಯೇ ಆಗದ ಲಾಟಿಗೆ ಸೊನ್ನೆ ಬರುವುದಿಲ್ಲ, ನನ್ (ಪೈಥಾನಿನ 'ಏನೂ ಇಲ್ಲ') ಬರುತ್ತದೆ. ಅದರ ಬದಲು ಸೊನ್ನೆ ಕೊಡಲು ಕೋಅಲೆಸ್ ಹಾಕಿ. ಡೆಸಿಮಲ್ ಫೀಲ್ಡ್ ಆಗಿದ್ದರೆ ಬರೀ 0 ಕೊಡದೆ ಡೆಸಿಮಲ್ ಸೊನ್ನೆಯನ್ನೇ ಕೊಡಿ, ಇಲ್ಲದಿದ್ದರೆ ಎರಡು ಟೈಪ್ ಬೆರೆತಿವೆ ಎಂದು ಜಾಂಗೊ ಜಗಳಕ್ಕೆ ಬರುತ್ತದೆ.

ಈ ಮೊತ್ತ ಲಾಟಿನ ಕ್ವೆರಿಯ ಒಳಗೇ ಬರುವುದರಿಂದ ಕ್ವೆರಿ ಎಣಿಕೆ ಮೂರೇ ಇರುತ್ತದೆ.

## ಹಂತ 8: ಎಲ್ಲವನ್ನೂ ಗೆಟ್ ಕ್ವೆರಿಸೆಟ್ ಒಳಗೆ ಇಡಿ

ಸೀರಿಯಲೈಸರ್ ಎಷ್ಟು ನೆಸ್ಟ್ ಆಗಿದ್ದರೂ ರೆಸ್ಟ್ ಫ್ರೇಮ್‌ವರ್ಕ್ ತಾನಾಗಿ ಸೆಲೆಕ್ಟ್ ರಿಲೇಟೆಡ್ ಹಾಕುವುದಿಲ್ಲ. ಅದು ನಿಮ್ಮ ಕೆಲಸ. ಜಾಗ, ರಿಕ್ವೆಸ್ಟಿಗೆ ಉತ್ತರ ಕೊಡುವ ಕ್ಲಾಸ್ ಆದ ವ್ಯೂಸೆಟ್‌ನ ಗೆಟ್_ಕ್ವೆರಿಸೆಟ್.

ಪಟ್ಟಿಗೂ ಒಂಟಿ ಲಾಟಿನ ಪುಟಕ್ಕೂ ಬೇಕಾದದ್ದು ಬೇರೆ. ಸೆಲ್ಫ್.ಆಕ್ಷನ್ ನೋಡಿ ಕ್ವೆರಿಸೆಟ್ ಬದಲಿಸಿ. ಸೀರಿಯಲೈಸರಿನ ಡೆಪ್ತ್ ಎಂಬ ಸುಲಭದ ಆಯ್ಕೆ ಪ್ರಯೋಗಕ್ಕೆ ಸರಿ, ಮಂಡಿಗೆ ಬೇಡ. ಅದು ಸಂಬಂಧ ಹಿಡಿದು ಒಳಗೆ ಹೋಗಿ ಆ ಮಾಡೆಲ್ಲಿನ ಎಲ್ಲ ಫೀಲ್ಡನ್ನೂ ಹೊರಗೆ ಹಾಕುತ್ತದೆ, ಬ್ಯಾಂಕ್ ಖಾತೆ ಸಮೇತ.

ನಿಮ್ಮದೇ ಮೆಥಡ್‌ಗಳಲ್ಲಿ ಸೆಲ್ಫ್.ಕ್ವೆರಿಸೆಟ್ ಅನ್ನು ನೇರ ಮುಟ್ಟಬೇಡಿ. ಅದು ಒಮ್ಮೆ ಓಡಿ, ಫಲಿತಾಂಶ ಮುಂದಿನ ಎಲ್ಲ ರಿಕ್ವೆಸ್ಟಿಗೂ ಅಂಟಿಕೊಳ್ಳುತ್ತದೆ. ಲಕ್ಷಣ ಹೀಗೆ: ಹೊಸ ಲಾಟ್ ಸೇರಿಸಿದರೂ ಸರ್ವರ್ ರೀಸ್ಟಾರ್ಟ್ ಆಗುವವರೆಗೆ ಕಾಣುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ತಾನೇ ಸರಿಹೋಗುತ್ತದೆ! ನಮ್ಮ ಕಡೆ ಮಳೆಗಾಲದಲ್ಲಿ ಈ ಬಗ್ ಹಿಡಿಯುವುದು ಕಷ್ಟ.

ಕೊನೆಗೆ ಗುಟ್ಟಿನ ವಿಷಯ. ಲಾಟ್‌ಗಳನ್ನು ಯಾರು ನೋಡಬಹುದು ಎಂದು ಫಿಲ್ಟರ್ ಹಾಕಿರುತ್ತೀರಿ. ಒಳಗಿನ ಬಿಡ್‌ಗಳಿಗೆ? ಟೆಂಡರ್ ತೆರೆಯುವ ಮೊದಲು ಒಬ್ಬ ವ್ಯಾಪಾರಿಗೆ ಇನ್ನೊಬ್ಬರ ದರ ಕಂಡರೆ ಎಪಿಐ ಅಲ್ಲ, ಮಂಡಿಯೇ ನಿಲ್ಲುತ್ತದೆ. ಹೊರಗಿನ ಫಿಲ್ಟರ್ ಒಳಗಿನ ಪಟ್ಟಿಗೆ ತಾಗುವುದಿಲ್ಲ. ಬಿಡ್ಸ್__ವ್ಯಾಪಾರಿ=ನಾನು ಎಂದು ಲಾಟ್ ಸೋಸಿದರೂ, ಆ ಲಾಟಿನ ಎಲ್ಲರ ಬಿಡ್ ಪ್ರಿಫೆಚ್‌ನಲ್ಲಿ ಬರುತ್ತದೆ. ಪ್ರಿಫೆಚ್ ಆಬ್ಜೆಕ್ಟಿನ ಒಳಗಿನ ಕ್ವೆರಿಸೆಟ್‌ಗೂ ಬಳಕೆದಾರರ ಫಿಲ್ಟರ್ ಹಾಕಿ, 'ನನ್ನ_ಬಿಡ್ಸ್' ಆಗಿ ಕೊಡಿ.

## ಹಂತ 9: ಟೆಸ್ಟ್ ಬರೆದು ಬೀಗ ಹಾಕಿ

ನಾಳೆ ಯಾರೋ ಸೀರಿಯಲೈಸರಿಗೆ ಒಂದು ಫೀಲ್ಡ್ ಸೇರಿಸುತ್ತಾರೆ. ಕ್ವೆರಿ ಮತ್ತೆ 103 ಆಗುತ್ತದೆ. ನೀವು ಆಗ ಸಾಗರದಲ್ಲಿ ಯಾರದೋ ಮದುವೆ ಊಟದಲ್ಲಿ ಇರುತ್ತೀರಿ.

ಅಸರ್ಟ್‌ನಂಕ್ವೆರೀಸ್(3) ಒಳಗೆ ಪಟ್ಟಿಯ ಯುಆರ್‌ಎಲ್ ಕರೆಯಿರಿ. ಲಾಗಿನ್ನಿನ ಕ್ವೆರಿ ಸೇರದಂತೆ ಫೋರ್ಸ್_ಅಥೆಂಟಿಕೇಟ್ ಬಳಸಿ. ಇದೇ ಟೆಸ್ಟನ್ನು ಒಮ್ಮೆ 2 ಲಾಟಿಗೆ, ಒಮ್ಮೆ 20 ಲಾಟಿಗೆ ಓಡಿಸಿ. ಎರಡರಲ್ಲೂ ಒಂದೇ ಸಂಖ್ಯೆ ಬರಬೇಕು. ಲಾಟ್ ಜಾಸ್ತಿಯಾದಂತೆ ಕ್ವೆರಿಯೂ ಜಾಸ್ತಿಯಾದರೆ ಎಲ್ಲೋ ಒಂದು ಬಾಣ ಬಿಟ್ಟುಹೋಗಿದೆ. ಹಾಳೆ ತೆಗೆದು ನೋಡಿ.

ಲೆಕ್ಕಕ್ಕೆ ಬೇರೆ ಟೆಸ್ಟ್ ಬೇಕು. 3 ಬಿಡ್ ಇರುವ ಒಂದು ಲಾಟಿಗೆ 50,000ದ ಎರಡು ಪಾವತಿ ಹಾಕಿ. ಮೊತ್ತ 1,00,000 ಬಂದರೆ ಸರಿ. 3,00,000 ಬಂದರೆ ಜಾಯಿನ್ ಗುಣಿಸಿದೆ. 50,000 ಬಂದರೆ ಯಾರೋ ಸಮ್‌ಗೆ ಡಿಸ್ಟಿಂಕ್ಟ್ ಕೊಟ್ಟಿದ್ದಾರೆ. ಪಾವತಿಯೇ ಇಲ್ಲದ ಇನ್ನೊಂದು ಲಾಟ್ ಇಟ್ಟು, ಅದಕ್ಕೆ ಸೊನ್ನೆ ಬರುತ್ತದೆಯೇ ಎಂದೂ ನೋಡಿ.